ಫೋಮ್ ಬೆಟ್ಟದೊಳಗೆ ಲೆನ್

ನನ್ನ ಅಣ್ಣ ಲೆನ್ ತಾನೇ ಕಟ್ಟಿದ ಬೆಟ್ಟದೊಳಗೆ ಸಿಕ್ಕಿಬಿದ್ದದ್ದು ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ, ನೆಲಮಾಳಿಗೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ್ದಾಗ. ಅದು ನಮ್ಮೂರಿನ ಅಗ್ನಿಶಾಮಕ ಠಾಣೆಯ ನೆಲಮಾಳಿಗೆ. ಠಾಣೆಯವರು ಅದನ್ನು ನಮ್ಮ ರೈಲು ಕ್ಲಬ್ಬಿಗೆ ಬಿಟ್ಟುಕೊಟ್ಟಿದ್ದಾರೆ. ಕ್ರಿಸ್‌ಮಸ್‌ಗೆ ಮುಂಚೆ ಒಂದು ದಿನ ಬಾಗಿಲು ತೆರೆದು ನಮ್ಮ ಪುಟಾಣಿ ರೈಲುಗಳನ್ನು ಊರವರಿಗೆ ತೋರಿಸುವುದು ವಾಡಿಕೆ. ಮೇಲಿನ ಅಡುಗೆಮನೆಯಲ್ಲಿ ಹೆಂಗಸರು ಪಿರೋಗಿ ಎನ್ನುವ ಆಲೂಗಡ್ಡೆ ಕಡುಬು ಮಾಡಿ ಮಾರುತ್ತಾರೆ. ಬೆಣ್ಣೆಯಲ್ಲಿ ಈರುಳ್ಳಿ ಹುರಿಯುವ ವಾಸನೆ ಕೆಳಗಿನವರೆಗೂ ಇಳಿದು ಬರುತ್ತದೆ. ಪುಟಾಣಿ ರೈಲು ಎಂದೆ, ಆಟಿಕೆ ಎನ್ನಲಿಲ್ಲ. ಆಟಿಕೆ ಎಂದವರನ್ನು ನಮ್ಮ ಕ್ಲಬ್ಬಿನ ಗಂಡಸರು ಮತ್ತೆ ಮಾತಾಡಿಸುವುದಿಲ್ಲ.

ಲೆನ್ ನನ್ನನ್ನೂ ಮಾತಾಡಿಸುತ್ತಿರಲಿಲ್ಲ. ಅದಕ್ಕೆ ಕಾರಣ ಬೇರೆ.

ಆರು ವರ್ಷದ ಹಿಂದೆ ನಾನು ಕ್ಲಬ್ಬಿಗೆ ಸೇರಲು ಅರ್ಜಿ ಹಾಕಿದೆ. ಅಲ್ಲಿಯವರೆಗೆ ಒಬ್ಬ ಹೆಂಗಸೂ ಮೆಂಬರ್ ಆಗಿರಲಿಲ್ಲ. ನಮ್ಮಲ್ಲಿ ಕಾಫಿ ಡಬ್ಬಿಯೊಳಗೆ ಬೇಕೆಂದರೆ ಬಿಳಿ ಮಣಿ, ಬೇಡವೆಂದರೆ ಕಪ್ಪು ಮಣಿ ಹಾಕಿ ಗುಟ್ಟಾಗಿ ಮತ ಕೊಡುತ್ತಾರೆ. ಲೆನ್ ಗುಟ್ಟಾಗಿ ಹಾಕಲಿಲ್ಲ. ಎಲ್ಲರೆದುರು ಕಪ್ಪು ಮಣಿ ಎತ್ತಿ ಹಿಡಿದು, "ರೋಸಲಿ ನನ್ನ ತಂಗಿ, ಅವಳನ್ನ ನಾನು ಬಲ್ಲೆ. ನರ್ಸ್ ಓದು ಅರ್ಧಕ್ಕೆ ಬಿಟ್ಟಳು, ಗಂಡನನ್ನ ಅರ್ಧಕ್ಕೆ ಬಿಟ್ಟಳು, ಇದನ್ನೂ ಅರ್ಧಕ್ಕೆ ಬಿಡ್ತಾಳೆ," ಎಂದು ಹೇಳಿ ಡಬ್ಬಿಗೆ ಹಾಕಿದ. ಒಂದೇ ಒಂದು ಮತದಿಂದ ನಾನು ಗೆದ್ದೆ. ಅಂದಿನಿಂದ ಅಣ್ಣ ತಂಗಿ ಎಣ್ಣೆ ಸೀಗೇಕಾಯಿ. ಅವನ ಕಪ್ಪು ಮಣಿಗಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತ್ತು, ಏಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ.

ರೈಲು ಓಡುವ ದೊಡ್ಡ ಮೇಜಿನ ಮೇಲೆ ಒಬ್ಬೊಬ್ಬ ಮೆಂಬರೂ ತನ್ನ ಪಾಲಿನ ಪುಟಾಣಿ ಊರನ್ನೋ ಕಾಡನ್ನೋ ಕಟ್ಟಬೇಕು. ಕ್ಲಬ್ಬಿನವರು ನನಗೆ ಕೊಟ್ಟ ಜಾಗವೋ, ಸರಿಯಾಗಿ ಅವನ ಬೆಟ್ಟದ ಬುಡ. ಬೇಕೆಂದೇ ಕೊಟ್ಟರೋ ಏನೋ. ಮೇಲೆ ಅವನ ಬೆಟ್ಟ, ಕೆಳಗೆ ನನ್ನ ಹುಲ್ಲುಗಾವಲು, ಗಣಿಗಾರರ ಸಾಲುಮನೆಗಳು, ಎರಡು ಗೋಪುರದ ಚರ್ಚು. ಒಬ್ಬರ ಪಾಲಿನ ಜಾಗಕ್ಕೆ ಇನ್ನೊಬ್ಬರು ಕೇಳದೆ ಕೈ ಹಾಕಬಾರದು ಎನ್ನುವುದು ನಮ್ಮಲ್ಲಿ ದೊಡ್ಡ ನಿಯಮ. ಬೇರೆಯವರ ಮರ ಬಿದ್ದಿದ್ದರೂ, "ಕೈ ಹಾಕ್ಲಾ?" ಎಂದು ಕೇಳಿಯೇ ಎತ್ತಿ ನಿಲ್ಲಿಸಬೇಕು. ನಾವಿಬ್ಬರೂ ಮಾತಾಡದ ಕಾರಣ ಕ್ಲೈಡ್ ನಡುವೆ ಓಡಾಡುತ್ತಿದ್ದ. ಕ್ಲೈಡ್ ಹೆಫ್ನರ್ ನಮ್ಮ ವೈರಿಂಗ್ ನೋಡಿಕೊಳ್ಳುವವನು, ಅಂಚೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿವೃತ್ತಿ ಆದ ಮೇಲೂ ನಿಮ್ಮಿಬ್ಬರ ಟಪಾಲು ತಪ್ಪಲಿಲ್ಲ ಎಂದು ಗೊಣಗುತ್ತಿದ್ದ. ಕೈಯಳತೆ ದೂರದಲ್ಲಿ ನಿಂತು, "ಕ್ಲೈಡ್, ಅವನ ಬಂಡೆಗಳು ಹಿಸುಕಿದ ಆಲೂಗಡ್ಡೆ ಥರ ಇವೆ ಅಂತ ಹೇಳು," ಎಂದು ನಾನು. "ಅವಳ ಹುಲ್ಲಿಗೆ ಕಾಮಾಲೆ ಬಂದಿದೆ ಅಂತ ಹೇಳು," ಎಂದು ಅವನು.

ಆದರೂ ಬೆಟ್ಟ ಚೆನ್ನಾಗಿತ್ತು. ಅವನೆದುರು ಒಪ್ಪಿಕೊಂಡಿರಲಿಲ್ಲ, ಅಷ್ಟೇ. ಮನೆ ಗೋಡೆಗೆ ಚಳಿ ತಡೆಯಲು ಬಳಸುತ್ತಾರಲ್ಲ, ಆ ಗುಲಾಬಿ ಬಣ್ಣದ ಫೋಮ್ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಚಾಕುವಿನಿಂದ ಕೆತ್ತಿ, ಉಜ್ಜಿ, ಮೇಲೆ ಪ್ಲಾಸ್ಟರ್ ಬಟ್ಟೆ ಹೊದಿಸಿ ಬಣ್ಣ ಕೊಟ್ಟಿದ್ದ. ನಾಲ್ಕು ಚಳಿಗಾಲ ಅದಕ್ಕೇ ಹೋದವು. ಒಳಗೆ ಟೊಳ್ಳು, ಸುರಂಗದ ಹಳಿಗಳು ಅಲ್ಲಿ ಸುತ್ತು ಹಾಕುತ್ತವೆ. ಹಳಿ ತಪ್ಪಿದ ಗಾಡಿ ಎತ್ತಲು ಮೇಜಿನ ಕೆಳಗೆ ತೆವಳಿ ಹೋಗಿ, ಬೆಟ್ಟದ ತಳದ ಹಲಗೆಯಲ್ಲಿ ಕೊರೆದ ಕಂಡಿಯಲ್ಲಿ ಎದ್ದು ನಿಲ್ಲಬೇಕು. ಕಂಡಿ ಚಿಕ್ಕದು, ಲೆನ್ ದೊಡ್ಡ ಆಳು. ಎರಡೂ ಕೈ ತಲೆಯ ಮೇಲೆತ್ತಿ ಉಸಿರು ಪೂರ್ತಿ ಹೊರಗೆ ಬಿಟ್ಟರೆ ಮಾತ್ರ ಎದೆ ತೂರುತ್ತಿತ್ತು, ಇಳಿಯುವಾಗಲೂ ಹಾಗೆಯೇ. ಒಳಗೆ ನಿಂತ ಮೇಲೆ ಶಿಖರವನ್ನು ಮುಚ್ಚಳದಂತೆ ಎತ್ತಿ ತಲೆ ಹೊರಗೆ ಹಾಕುತ್ತಿದ್ದ. ಬೆಟ್ಟದ ತುದಿಯಲ್ಲಿ ಲೆನ್‌ನ ಗಡ್ಡ ಕಂಡ ಕೂಡಲೇ ಜನ ಚಪ್ಪಾಳೆ ತಟ್ಟುತ್ತಿದ್ದರು.

ಆ ಮುಚ್ಚಳದ ಸುತ್ತ ಒಂದು ಗೆರೆ ಕಾಣುತ್ತಿತ್ತು. ಅದನ್ನು ನಾನು ಸುಮ್ಮನೆ ಬಿಡುತ್ತೇನೆಯೇ? ಸೆಪ್ಟೆಂಬರಿನಲ್ಲಿ ಕ್ಲೈಡ್‌ಗೆ ಹೇಳಿದೆ: ಬೆಟ್ಟ ಅಲ್ಲ ಅದು, ಸಾರಿನ ಪಾತ್ರೆಗೆ ಮುಚ್ಚಳ ಇಟ್ಟ ಹಾಗಿದೆ. ಲೆನ್ ಆ ದಿನ ಯಾವ ಉತ್ತರವನ್ನೂ ಕಳಿಸಲಿಲ್ಲ. ನವೆಂಬರಿನಲ್ಲಿ ನೋಡಿದರೆ ಗೆರೆ ಮಾಯವಾಗಿತ್ತು. ಹೇಗೆ ಮಾಡಿದ ಎಂದು ಕೇಳಲು ನನಗೆ ಬಿಂಕ ಅಡ್ಡ ಬಂತು.

ಆ ಶನಿವಾರ ಕಲ್ಲಿದ್ದಲ ಗಾಡಿ ಸುರಂಗಕ್ಕೆ ಹೋದದ್ದು ಹೊರಗೆ ಬರಲಿಲ್ಲ. ಕ್ಲೈಡ್ ಕರೆಂಟು ತೆಗೆದ. ಲೆನ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮೇಜಿನ ಕೆಳಗೆ ತೂರಿದ. ಜನ ಶಿಖರದ ಕಡೆ ನೋಡುತ್ತ ಕಾದರು. ಒಳಗಿನಿಂದ ಹಲಗೆ ಕಿರುಗುಟ್ಟಿದ ಸದ್ದು, ಒಂದು ಕೆಮ್ಮು, ಆಮೇಲೆ ದೊಪ್ಪೆಂದು ಏನೋ ಬಿದ್ದ ಸದ್ದು. ಶಿಖರ ಏಳಲಿಲ್ಲ.

"ಕ್ಲೈಡ್," ಎಂದ ಲೆನ್ ಒಳಗಿನಿಂದ. ಫೋಮಿನ ಹಿಂದಿನಿಂದ ಬಂದ ದನಿ ಕಂಬಳಿಯೊಳಗಿನಿಂದ ಬಂದಂತಿತ್ತು. "ನನ್ನ ಎಡಗೈ ಏಳ್ತಿಲ್ಲ."

ನರ್ಸ್ ಓದು ಅರ್ಧ ಮಾಡಿದ್ದೆನಾದರೂ ಆ ಅರ್ಧದಲ್ಲಿ ಹೃದಯಾಘಾತದ ಪಾಠ ಇತ್ತು. ಆದರೂ ನನ್ನ ಬಾಯಿಂದ ಬಂದದ್ದು ಏನು ಗೊತ್ತೇ? "ಕ್ಲೈಡ್, ಎದೆ ನೋಯ್ತಿದೆಯಾ ಕೇಳು ಅವನನ್ನ." ಕ್ಲೈಡ್ ಕೇಳಿದ. "ಒತ್ತಿದ ಹಾಗಾಗ್ತಿದೆ ಅಂತ ಹೇಳು ಅವಳಿಗೆ," ಎಂದ ಲೆನ್. "ದವಡೆಗೂ ಹರಡಿದೆಯಾ ಕೇಳು," ಎಂದೆ. ಮನುಷ್ಯ ಸಾಯುತ್ತಿರಬಹುದು, ನಮ್ಮಿಬ್ಬರ ಟಪಾಲು ಮಾತ್ರ ನಿಂತಿರಲಿಲ್ಲ.

ಕ್ಲೈಡ್ ಕೆಂಪಾದ. ಅವನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನೀನೇ ಕೇಳು," ಎಂದ. "ನನಗೆ ಸಾಕಾಯ್ತು."

ಆಗ ನಾನು ಬೆಟ್ಟಕ್ಕೆ ಬಾಯಿ ಹತ್ತಿರ ತಂದು, "ಲೆನ್, ಮುಚ್ಚಳ ತೆಗಿ. ಬಲಗೈಯಲ್ಲಿ ತಳ್ಳು," ಎಂದೆ. ಆರು ವರ್ಷದಲ್ಲಿ ಅವನಿಗೆ ನೇರವಾಗಿ ಹೇಳಿದ ಮೊದಲ ಮಾತು.

"ಬರಲ್ಲ ಅದು. ಡಬ್ಬಿ ಫೋಮ್ ತುಂಬಿಸಿದೀನಿ ಸುತ್ತ," ಎಂದ.

ಡಬ್ಬಿಯಿಂದ ಚಿಮ್ಮಿಸುವ ಆ ಫೋಮ್ ಬಿರುಕಿನೊಳಗೆ ಹೋಗಿ ಉಬ್ಬಿ ಕಲ್ಲಾಗುತ್ತದೆ. ಗೆರೆ ಮುಚ್ಚಬೇಕೆಂದು ತಾನು ಹೊರಬರುವ ಬಾಗಿಲಿಗೇ ಬೀಗ ಜಡಿದಿದ್ದ. ಬೇರೆ ಯಾರು ಇಂಥ ಕೆಲಸ ಮಾಡಿದ್ದರೂ ನಾನು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದೆ. ಆದರೆ ಆ ಗೆರೆಯ ಬಗ್ಗೆ ಬೇರೆ ಯಾರೂ ಒಂದು ಮಾತೂ ಆಡಿರಲಿಲ್ಲ, ನಾನೊಬ್ಬಳೇ ಆಡಿದ್ದು. ನನ್ನ ಮಾತಿಗೆ ಅವನು ಸೊಪ್ಪು ಹಾಕುವುದಿಲ್ಲ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಅಷ್ಟರಲ್ಲಿ ಮೇಲಿಂದ ಡಾನಿ ಬ್ರೆನ್ನನ್ ಇಳಿದು ಬಂದಿದ್ದ. ಅವನು ಠಾಣೆಯ ಮುಖ್ಯಸ್ಥ, ಅವನ ಹಿಂದೆ ಇನ್ನಿಬ್ಬರು ಆಳುಗಳು. ಜನರನ್ನೆಲ್ಲ ಮೇಲೆ ಕಳಿಸಿದ. ನಮ್ಮೂರಿನ ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ಪಕ್ಕದೂರಿನದು ಹೊರಟಿದೆ, ಆದರೆ ಘಾಟಿಯಲ್ಲಿ ಹಿಮ ಬೀಳುತ್ತಿದೆ, ನಿಧಾನವಾಗುತ್ತದೆ ಎಂದ. ಒಬ್ಬ ಆಳು ಕೆಳಗೆ ತೂರಿ ಲೆನ್‌ನ ಕಾಲು ಹಿಡಿದು ಎಳೆದು ನೋಡಿದ. ಲೆನ್ ನೋವಿನಿಂದ ನರಳಿದ. ಕೆಲಸ ಮಾಡದ ಆ ಎಡಗೈ ಹಲಗೆಯ ಮೇಲೆ ಅಡ್ಡ ಬಿದ್ದಿತ್ತು. ಆ ಕೈ ಮೇಲೇಳದೆ ದೇಹ ಕಂಡಿಯಿಂದ ಇಳಿಯುವಂತಿರಲಿಲ್ಲ. ಅವನು ಕಂಕುಳಲ್ಲಿ ನೇತುಬಿದ್ದಿದ್ದ.

ಕಂಡಿಯ ಹಲಗೆಯನ್ನೇ ಗರಗಸದ ಯಂತ್ರದಿಂದ ಕೊಯ್ಯುತ್ತೇನೆ ಎಂದ ಡಾನಿ. ಬೇಡ ಎಂದೆ. ಬೆಟ್ಟದ ಭಾರವೆಲ್ಲ ಆ ಹಲಗೆಯ ಮೇಲೆ ಕೂತಿದೆ. ಅದನ್ನು ಕೊಯ್ದರೆ ಎಲ್ಲ ಅವನ ತಲೆಯ ಮೇಲೆ ಬರುತ್ತದೆ. ಕೊಡಲಿ ಹಾಕಿದರೆ ಕೊಡಲಿ ಎಲ್ಲಿಗೆ ತಾಗುತ್ತದೋ ದೇವರಿಗೇ ಗೊತ್ತು. ಪಕ್ಕದಿಂದ ಫೋಮ್ ಕೊಯ್ದು ಒಳಗೆ ಕೈ ಹಾಕಿ ತೋಳು ಎತ್ತಿಸಬೇಕು, ಬೇರೆ ದಾರಿಯಿಲ್ಲ ಎಂದೆ. ಡಾನಿ ಒಪ್ಪಿದ. ಕ್ಲೈಡ್ ಮೇಲೆ ಓಡಿಹೋಗಿ ಅಡುಗೆಮನೆಯಿಂದ ಉದ್ದನೆಯ ಬ್ರೆಡ್ ಚಾಕು ತಂದ.

"ಲೆನ್, ಕೊಯ್ತೀನಿ," ಎಂದೆ. "ಕೈ ಹಾಕ್ಲಾ?"

"ಬೇಡ." ಕಡ್ಡಿ ಮುರಿದಂತೆ ಹೇಳಿದ. "ಸ್ವಲ್ಪ ಸುಧಾರಿಸ್ಕೊಂಡು ನಾನೇ ಇಳೀತೀನಿ. ಬೆಟ್ಟ ಮುಟ್ಟಬೇಡ."

"ಬೆಟ್ಟ ಇನ್ನೊಂದು ಕಟ್ಟಬಹುದು ಕಣೋ ಕತ್ತೆ."

"ಮುಟ್ಟಿದ್ರೆ ಜನ್ಮದಲ್ಲಿ ಮಾತಾಡಲ್ಲ ನಿನ್ನ ಹತ್ರ."

"ಈಗೇನು ದಿನಾ ಹರಟೆ ಹೊಡೀತಿದ್ಯಾ?"

ಡಾನಿಯ ಆಳೊಬ್ಬ ನಗು ತಡೆದುಕೊಂಡ. ಒಳಗಿನಿಂದಲೂ ನಗುವಿನಂಥದೇನೋ ಕೇಳಿಸಿತು, ಅದು ಕೆಮ್ಮಾಗಿ ತಿರುಗಿತು. ನಾನು ಮತ್ತೆ ಕೇಳಿದೆ, ಕೈ ಹಾಕ್ಲಾ ಎಂದು. ಈ ಸಲ ಉತ್ತರ ಬರಲಿಲ್ಲ. ಅವನ ಮೌನಕ್ಕೆ ನಾನು ಒಗ್ಗಿಹೋಗಿದ್ದವಳು, ಅದರಲ್ಲಿ ಎಷ್ಟು ಬಗೆಯಿದೆ ಎಂದು ಬಲ್ಲವಳು. ಸಿಟ್ಟಿನ ಮೌನ ಗೊತ್ತು, ಹಟದ ಮೌನ ಗೊತ್ತು. ಇದು ಅವೆರಡೂ ಆಗಿರಲಿಲ್ಲ.

ಬೆಟ್ಟದ ಪಕ್ಕಕ್ಕೆ ಕೈ ಎಟುಕಬೇಕಾದರೆ ನನ್ನ ಹುಲ್ಲುಗಾವಲಿನ ಮೇಲೆ ಮಂಡಿಯೂರಬೇಕಿತ್ತು. ಹತ್ತಿದೆ. ಮಂಡಿಯ ಕೆಳಗೆ ಸಾಲುಮನೆಗಳು ಪಟಪಟನೆ ಮುರಿದವು, ಚರ್ಚಿನ ಗೋಪುರ ತೊಡೆಗೆ ಚುಚ್ಚಿತು. ಅಂಥ ಹೊತ್ತಿನಲ್ಲಿ ಅದೆಲ್ಲ ಮನಸ್ಸಿಗೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂತು, ಹೊಟ್ಟೆ ಉರಿಯಿತು. ಉರಿಯುತ್ತಲೇ ಸುತ್ತಿಗೆಯಿಂದ ಪ್ಲಾಸ್ಟರ್ ಒಡೆದು, ಚಕ್ಕೆ ಚಕ್ಕೆಯಾಗಿ ಕಿತ್ತೆ. ಒಳಗಿನ ಗುಲಾಬಿ ಬಣ್ಣ ಕಾಣಿಸಿತು.

ಮುಖ್ಯ ತೊಂದರೆ ಅಲ್ಲಿಂದ ಮುಂದೆ. ಫೋಮ್ ಎಲ್ಲಿ ದಪ್ಪ, ಎಲ್ಲಿ ತೆಳು, ಅದರ ಹಿಂದೆ ಅವನ ಮುಖ ಎಲ್ಲಿದೆ ಎಂದು ಹೊರಗಿನಿಂದ ತಿಳಿಯುವಂತಿರಲಿಲ್ಲ. ಚಾಕು ಉದ್ದವಿತ್ತು. ಒಂದು ಬಾರಿ ಹೆಚ್ಚಿಗೆ ತಳ್ಳಿದರೆ ಕಣ್ಣಿಗೋ ಕುತ್ತಿಗೆಗೋ.

"ಲೆನ್, ಟಾರ್ಚ್ ಇದೆಯಾ ಕೈಲಿ?"

"ಹೂಂ." ತುಂಬ ದೂರದಿಂದ ಬಂದಂತೆ.

"ನನ್ನ ದನಿ ಬರೋ ಕಡೆಗೆ ಒತ್ತಿ ಹಿಡಿ. ಮುಖ ಇನ್ನೊಂದು ಕಡೆ ತಿರುಗಿಸು. ಕ್ಲೈಡ್, ದೀಪ ಆರಿಸು."

ದೀಪ ಆರಿತು. ನೆಲಮಾಳಿಗೆ ಕತ್ತಲಾಯಿತು. ನೋಡುತ್ತಿದ್ದಂತೆ ಬೆಟ್ಟದ ಮೈಯಲ್ಲಿ ಒಂದು ಕಡೆ ಮಂದವಾಗಿ ಬೆಳಕು ಮೂಡಿತು. ನಡುವೆ ಹೊಳಪು, ಸುತ್ತ ಕೆಂಪು. ಹೊಳಪಿದ್ದ ಕಡೆ ಫೋಮ್ ತೆಳುವಾಗಿತ್ತು, ಅಲ್ಲಿ ಅವನ ಕೈಯಿತ್ತು. ಅಂದರೆ ಕೈಗೆ ತಾಗದಂತೆ ಅದರ ಬಲಕ್ಕೆ ಸ್ವಲ್ಪ ದೂರ ಬಿಟ್ಟು ಕೊಯ್ಯಬೇಕು. ನಾನು ಬೆಳಕಿನ ಅಂಚಿಗೆ ಚಾಕು ಇಟ್ಟು, ಕಿಟಕಿಯಂತೆ ಚೌಕವಾಗಿ ಕೊಯ್ಯತೊಡಗಿದೆ.

ಫೋಮ್ ಕೊಯ್ಯುವ ಸದ್ದು ಕೇಳಿದವರಿಗೆ ಗೊತ್ತು, ಹಲ್ಲು ಜುಮ್ಮೆನ್ನುತ್ತದೆ. ಆ ಕತ್ತಲಲ್ಲಿ ಅದೊಂದೇ ಸದ್ದು. ಗುಲಾಬಿ ಪುಡಿ ಉದುರಿ ಕೈಗೆ, ಮುಖಕ್ಕೆ, ತುಟಿಗೆ ಅಂಟಿಕೊಂಡಿತು. ಪದರಗಳ ನಡುವೆ ಹಾಕಿದ್ದ ಅಂಟು ಇನ್ನೂ ಒಣಗಿರಲಿಲ್ಲ. ಗಾಳಿಯಾಡದ ಕಡೆ ಅದು ವರ್ಷಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಚಾಕು ಅದಕ್ಕೆ ಕಚ್ಚಿಕೊಂಡು ನಿಲ್ಲುತ್ತಿತ್ತು. ನಾನು ಸುಮ್ಮನೆ ಕೊಯ್ಯಲಿಲ್ಲ, ಮಾತಾಡುತ್ತಲೇ ಇದ್ದೆ. ನಿನ್ನ ಬಂಡೆಗಳು ಆಲೂಗಡ್ಡೆ ಥರ ಇಲ್ಲ, ನಾನು ಹೊಟ್ಟೆಕಿಚ್ಚಿಗೆ ಹೇಳಿದ್ದು ಎಂದೆ. ಎದ್ದಿರು, ನಿದ್ದೆ ಮಾಡಬೇಡ ಎಂದೆ. ನನ್ನ ಹುಲ್ಲಿಗೆ ಕಾಮಾಲೆ ಬಂದಿರೋದು ನಿಜ, ಅದನ್ನೂ ಒಪ್ಪಿಕೊಂಡೆ. ಅವನು ನಡುನಡುವೆ ಹೂಂ ಎನ್ನುತ್ತಿದ್ದ.

ನನ್ನ ಕೈ ಮರಗಟ್ಟಿತು. ಬೆರಳು ಮಡಚಿದ್ದು ಬಿಚ್ಚಲು ಬರಲಿಲ್ಲ. ಡಾನಿ ಹಿಂದಿನಿಂದ ನನ್ನ ಭುಜ ಮುಟ್ಟಿ, "ಕೊಡು ರೋಸಲಿ, ಮಿಕ್ಕಿದ್ದು ನಾನು ಕೊಯ್ತೀನಿ," ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ಇಲ್ಲ. ನಾನೇ ಮುಗಿಸ್ತೀನಿ."

ಚಾಕುವನ್ನು ಎಡಗೈಗೆ ಬದಲಿಸಿಕೊಂಡೆ. ಮೂರನೆಯ ಪಕ್ಕ ಅರ್ಧ ಕೊಯ್ದಿದ್ದೆ, ಬೆಳಕು ಅಲುಗಾಡಿತು. ಕೆಳಕ್ಕೆ ಜಾರಿತು. ಹಲಗೆಗೆ ಟಾರ್ಚ್ ಬಡಿದ ಸದ್ದಾಯಿತು, ಬೆಟ್ಟ ಕಪ್ಪಾಯಿತು.

"ಲೆನ್."

ಹೂಂ ಎನ್ನಲಿಲ್ಲ.

"ಲೆನ್, ಮಾತಾಡು."

ಕೆಳಗಿದ್ದ ಆಳು, ಕಾಲು ಸಡಿಲವಾಯಿತು, ಭಾರ ಬಿಟ್ಟಿದ್ದಾನೆ ಎಂದು ಕೂಗಿ ಹೇಳಿದ. ಅವನ ತಲೆ ಈಗ ಯಾವ ಕಡೆ ವಾಲಿದೆಯೋ ಗೊತ್ತಿಲ್ಲ. ಚಾಕು ತಳ್ಳಿದರೆ ಅವನ ಕೆನ್ನೆಯೇ ಅಲ್ಲಿ ಇರಬಹುದು. ತಳ್ಳದಿದ್ದರೆ ಅವನು ಅಲ್ಲೇ ಸಾಯುತ್ತಾನೆ. ನಾನು ಚಾಕು ಎಸೆದೆ. ಕೊಯ್ದ ಗೀರಿನೊಳಗೆ ಎರಡೂ ಕೈಯ ಬೆರಳು ತೂರಿಸಿ, ಹುಲ್ಲುಗಾವಲಿಗೆ ಕಾಲು ಕೊಟ್ಟು, ಬಾಯಿಗೆ ಬಂದದ್ದೆಲ್ಲ ಬೈಯುತ್ತ ಹಿಂದಕ್ಕೆ ಎಳೆದೆ. ಒಮ್ಮೆ ಏನೂ ಆಗಲಿಲ್ಲ. ಎರಡನೆಯ ಸಲ ಆ ಹಸಿ ಅಂಟು ಬಿಟ್ಟುಕೊಂಡಿತು. ಬೆಟ್ಟದ ಪಕ್ಕೆ ಪದರ ಪದರವಾಗಿ ಕಳಚಿ ನನ್ನ ಎದೆಯ ಮೇಲೆ ಬಂತು.

ಕ್ಲೈಡ್ ದೀಪ ಹಾಕಿದ. ಕಿತ್ತ ತೂತಿನಲ್ಲಿ ಲೆನ್‌ನ ಮುಖ, ಬೂದಿ ಬಣ್ಣ, ಬೆವರು ಸುರಿಯುತ್ತಿತ್ತು. ಗಡ್ಡದ ತುಂಬ ಗುಲಾಬಿ ಪುಡಿ. ಕಣ್ಣು ಮುಚ್ಚಿತ್ತು. ಕೆನ್ನೆಗೆ ಬಲವಾಗಿಯೇ ಹೊಡೆದೆ. ಕಣ್ಣು ಅರ್ಧ ತೆರೆಯಿತು, ನನ್ನ ಮೇಲೆ ನಿಂತಿತು. ಡಾನಿ ಕೊಟ್ಟ ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ನಡುವೆ ಇಟ್ಟು ಅಗಿ ಎಂದೆ. ಅಗಿದ. ಹಟಮಾರಿ ಅಣ್ಣ ನಾನು ಹೇಳಿದಂತೆ ಕೇಳಿದ್ದು ನೋಡಿ ಇನ್ನಷ್ಟು ಹೆದರಿಕೆಯಾಯಿತು.

ಭುಜದವರೆಗೂ ಕೈ ತೂರಿಸಿ ಅವನ ಎಡಗೈ ಹುಡುಕಿದೆ. ತಣ್ಣಗಿತ್ತು, ಕಲ್ಲಿನಷ್ಟು ಭಾರ. ನಿಧಾನವಾಗಿ ಹಲಗೆಯಿಂದ ಎತ್ತಿ, ತಲೆಯ ಮೇಲಕ್ಕೆ ತಂದು ಹಿಡಿದೆ. ಬಲಗೈ ಅವನೇ ಎತ್ತಿದ, ಅದನ್ನೂ ನಾನು ಹಿಡಿದೆ. ಕೆಳಗೆ ಡಾನಿಯ ಆಳುಗಳು ಸೊಂಟ ಹಿಡಿದು ಸಿದ್ಧರಾದರು.

"ಉಸಿರು ಬಿಡು ಲೆನ್. ಪೂರ್ತಿ ಬಿಡು."

ಬಿಟ್ಟ. ಎದೆ ಇಳಿಯಿತು, ದೇಹ ಜಾರಿತು, ಗಡ್ಡ ಹಲಗೆಯ ಅಂಚಿಗೆ ಬಂತು, ತಲೆ ಕೆಳಗೆ ಹೋಯಿತು. ಕೊನೆಗೆ ಉಳಿದದ್ದು ಎರಡು ಕೈಗಳು, ನನ್ನ ಕೈಯಲ್ಲಿ. ಬಲಗೈ ನನ್ನ ಬೆರಳುಗಳನ್ನು ಬಿಡಲೇ ಇಲ್ಲ. ಕೆಳಗಿನಿಂದ, ಬಿಡಿ, ಬಿಡಿ ಎಂದು ಕೂಗುತ್ತಿದ್ದರು. ಹಿಡಿದುಕೊಂಡಿದ್ದವನು ಅವನು. ಬಿಡೋ ಎಂದು ನಾನು ಮೆಲ್ಲಗೆ ಹೇಳಿದ ಮೇಲೆ ಬಿಟ್ಟ.

ಮೇಜಿನ ಕೆಳಗಿನಿಂದ ಅವನನ್ನು ಹೊರಗೆಳೆದು ಮಲಗಿಸಿ, ಡಾನಿ ಮೂಗಿಗೆ ಆಮ್ಲಜನಕ ಕೊಟ್ಟ. ಸ್ವಲ್ಪ ಹೊತ್ತಿಗೆ ಆಂಬುಲೆನ್ಸಿನವರು ಬೂಟಿನ ಹಿಮ ಕೊಡವುತ್ತ ಮೆಟ್ಟಿಲಿಳಿದರು. ಬಂದವಳು ಸಣ್ಣ ವಯಸ್ಸಿನವಳು, ಚುರುಕಾಗಿದ್ದಳು. ಎದೆಗೆ ತಂತಿ ಅಂಟಿಸಿ ನೋಡಿದಳು. ಹೃದಯಾಘಾತವೇ, ಆದರೆ ಬಡಿತ ಸದ್ಯಕ್ಕೆ ಸಮವಾಗಿದೆ, ಬೇಗ ಕರೆದುಕೊಂಡು ಹೋಗಬೇಕು ಎಂದಳು. ಸ್ಟ್ರೆಚರಿನ ಮೇಲೆ ಕಟ್ಟುವಾಗ ಅವನಿಗೆ ಎಚ್ಚರ ಎಷ್ಟಿದೆ ಎಂದು ತಿಳಿಯಲು ಪ್ರಶ್ನೆ ಕೇಳತೊಡಗಿದಳು. ಹೆಸರು ಸರಿಯಾಗಿ ಹೇಳಿದ. ಇವತ್ತು ಯಾವ ವಾರ ಎಂದದ್ದಕ್ಕೆ, ಪಿರೋಗಿ ವಾಸನೆ ಬರ್ತಿದೆ, ಶನಿವಾರವೇ ಇರಬೇಕು ಎಂದ.

ಅವಳು ನನ್ನ ಕಡೆ ಕೈ ತೋರಿಸಿದಳು. ನಾನು ಅಡಿಯಿಂದ ಮುಡಿಯವರೆಗೆ ಗುಲಾಬಿ ಬಣ್ಣವಾಗಿ ನಿಂತಿದ್ದೆ.

"ಇವರು ನಿಮಗೆ ಏನಾಗಬೇಕು, ಸರ್?"

ಲೆನ್ ನನ್ನನ್ನು ನೋಡಿದ. ನನ್ನ ಹಿಂದಿದ್ದ ಬೆಟ್ಟವನ್ನು, ಅದರ ಪಕ್ಕೆಯ ದೊಡ್ಡ ತೂತನ್ನು ನೋಡಿದ. ಬುಡದಲ್ಲಿ ನುಚ್ಚುನೂರಾಗಿ ಬಿದ್ದಿದ್ದ ನನ್ನ ಊರನ್ನು ತುಂಬ ಹೊತ್ತು ನೋಡಿದ. ಆ ಹುಡುಗಿ ತಂತಿಯ ಕಡೆ ಕಣ್ಣು ಹಾಯಿಸಿದಳು.

"ಮೆಂಬರು," ಎಂದ ಲೆನ್. "ನಮ್ಮ ಕ್ಲಬ್ಬಿನ ಮೆಂಬರು."

ಹಾಗಾದರೆ ಗಾಡಿಯಲ್ಲಿ ಜೊತೆಗೆ ಬರಲಾಗುವುದಿಲ್ಲ, ಮನೆಯವರಿಗೆ ಮಾತ್ರ ಅವಕಾಶ ಎಂದು ಅವಳು ನನಗೆ ತುಂಬ ಮರ್ಯಾದೆಯಿಂದಲೇ ತಿಳಿಸಿದಳು. ತಂಗಿ ಕೂಡ ಹೌದು ಎಂದು ಕ್ಲೈಡ್ ಅವಳಿಗೆ ವಿವರಿಸಬೇಕಾಯಿತು, ಏಕೆಂದರೆ ನಾನು ಆಗಲೇ ಅಳಲು ಶುರು ಮಾಡಿದ್ದೆ. ಸ್ಟ್ರೆಚರ್ ಮೆಟ್ಟಿಲೇರಿತು. ನಾನು ಅದರ ಹಿಂದೆ ಅಳುತ್ತಲೇ ಹತ್ತಿದೆ, ಮೇಲೆ ಪಿರೋಗಿ ತಟ್ಟೆ ಹಿಡಿದು ನಿಂತಿದ್ದ ಇಡೀ ಊರು ನೋಡುತ್ತಿದ್ದರೂ ಕಣ್ಣು ಒರೆಸಿಕೊಳ್ಳಲಿಲ್ಲ.